ಕಡೇ ಪುಡಿಯ ಲೆಕ್ಕ

ಒಬ್ಬರು ಸುರಪುರದ ಬಜಾರಿನಲ್ಲಿ ಬೆಳ್ಳಿ-ಬಂಗಾರದ ಕೆಲಸ ಮಾಡುವ ಹಿರಿಯ ಪತ್ತಾರರು. ಇನ್ನೊಬ್ಬರು ಶಹಾಪುರ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರ್. ಕೃಷ್ಣಾ-ಭೀಮಾ ಉಸುಕಿನಲ್ಲಿ ಸಿಗುವ ಅಗೇಟ್, ಜಾಸ್ಪರ್ ಕಲ್ಲುಗಳನ್ನು ಕೈಯಲ್ಲೇ ತಿಕ್ಕಿ ಉಂಗುರದ ಹರಳು ಮಾಡುವ ಹವ್ಯಾಸದವರು. ಮುಖ ಕಡಿಯದೆ ಮೇಲೆ ಉಬ್ಬು, ಕೆಳಗೆ ಸಪಾಟು ಬಿಟ್ಟ ಇಂಥ ಹರಳಿಗೆ ಜೈಪುರದ ಪೇಟೆಯಲ್ಲಿ ಕ್ಯಾಬೋಶಾನ್ ಎನ್ನುತ್ತಾರೆ. ಮಾತನ್ನು ಅವರ ಕಡೆಯ ಕನ್ನಡದಲ್ಲೇ ಬಿಟ್ಟಿದ್ದೇನೆ.

ಕಾಕಾ: ಇಲ್ಲಿ ಬಾ ಯವ್ವಾ, ಟ್ಯೂಬ್‌ಲೈಟಿನ ಕೆಳಗ ಹಿಡಿ. ಹರಳಿನ ಮ್ಯಾಲ ಲೈಟಿನ ಬಿಳಿ ಗೆರೆ ಬಿದ್ದದಲ್ಲ, ಅದನ್ನೇ ನೋಡ್ಕೋತ ನಿಧಾನಕ ತಿರುಗಿಸು. ನೆತ್ತಿ ಮ್ಯಾಲ ಗೆರೆ ಚೊಕ್ಕ ಅದ. ಅಂಚಿಗೆ ಇಳಿದ ಕೂಡ್ಲೆ ಏನಾತು?

ಟೀಚರ್: ಮಬ್ಬಾತು. ಗೆರೆ ಅಲ್ಲಲ್ಲಿ ಹರದಂಗ ಕಾಣತದ. ಅದಕ್ಕ ಬಂದೀನ್ರಿ ಕಾಕಾ. ನನ್ನ ಪುಡಿ ಸುಮಾರದ್ದು ಅಂತ ಕಾಣಸ್ತದ. ಡೈಮಂಡ್ ಪೇಸ್ಟ್ ತರಿಸ್ಲೇನ್ರಿ, ಇಲ್ಲಾ ಸೀರಿಯಂ ಆಕ್ಸೈಡೇ ಮೇಲಿನ ದರ್ಜೆದು ತರಿಸ್ಲೇನ್ರಿ?

ಕಾಕಾ: ಪುಡಿ ಮಾತು ಆಮ್ಯಾಲ. ವಾಟರ್ ಪೇಪರ್ ಎಷ್ಟನೇ ನಂಬರಿಗೆ ನಿಲ್ಸಿದಿ?

ಟೀಚರ್: 220, 400, 600, ಕಡೀಕ 1000. ಅಲ್ಲಿಂದ ಸೀದಾ ಸೀರಿಯಂ.

ಕಾಕಾ: ಆ ಅಂಚಿನಾಗ 1000 ನಂಬರಿನ ಗೀರಲ್ಲ ಇರೋದು, 400ರದ್ದು. ಕೈ ಯಾವಾಗಲೂ ನೆತ್ತಿ ಮ್ಯಾಲ ಆಡತದ, ಅಂಚು ತಪ್ಪಿಸ್ಕೋತದ. ನೀ 600ರಾಗ ಅಂಚು ಮುಟ್ಟೇ ಇಲ್ಲ. ಮುಟ್ಟದೆ ಬಿಟ್ಟ ಗೀರನ್ನ ಪಾಲಿಶ್ ಪುಡಿ ತಗಿಯಂಗಿಲ್ಲ, ಇನ್ನಾ ಎದ್ದು ಕಾಣೋಹಂಗ ಮಾಡತದ.

ಟೀಚರ್: ಲೆಕ್ಕಾನೂ ಹಂಗೇ ಹೇಳತದ್ರಿ. ಆಟೊಮೊಬೈಲ್ ಅಂಗಡಿ ಕಾಗದದ ಹಿಂದ ಪಿ 1000 ಅಂತ ಇದ್ರ ಅದರ ಕಾಳು ಸುಮಾರು 18 ಮೈಕ್ರಾನ್. ಪಿ 400 ಆದ್ರ 35. ಸೀರಿಯಂ ಕಾಳು ಒಂದೋ ಎರಡೋ ಮೈಕ್ರಾನ್. 18ರಿಂದ ಎರಡಕ್ಕ ಜಿಗಿಯೋದು ಹೆಚ್ಚಾತು. ನಡುವ 1500, 2000 ಬೇಕಿತ್ತು. 2000ದ್ದು ಹತ್ತು ಮೈಕ್ರಾನ್ ಆಸುಪಾಸು.

ಕಾಕಾ: 2500, 3000ನೂ ಬರ್ತಾವ. ಯಾದಗಿರಿಯೊಳಗ ಕಾರ್ ಪೇಂಟಿನ ಸಾಮಾನು ಮಾರೋ ಅಂಗಡ್ಯಾಗ ಕೇಳು. ಎರಡು ಚಹಾದ ರೊಕ್ಕಕ್ಕ ಒಂದು ಹಾಳಿ. ಕತ್ತರಿಸಿ ಬೆರಳಗಲದ ತುಂಡು ಮಾಡಿದ್ರ ಒಂದು ಹಾಳಿ ನಾಕೈದು ಹರಳಿಗೆ ಬರ್ತದ. ಪಾಲಿಶ್ ಪುಡಿಗೆ ಹಾಕೋ ರೊಕ್ಕದಾಗ ಅರ್ಧ ಈ ಹಾಳಿಗೆ ಹಾಕು. ಮತ್ತ ಪ್ರತಿ ನಂಬರಿಗೂ ದಿಕ್ಕು ಬದಲಿ ಮಾಡು. 600 ಅಡ್ಡ ತಿಕ್ಕಿದ್ರ 1000 ಉದ್ದ. ಹಿಂದಿನ ಗೀರು ಒಂದು ಉಳಿದ್ರೂ ಅಡ್ಡ ಮಲಗಿದ್ದು ಕಾಣತದ.

ಟೀಚರ್: ಇದು ನಾನು ಹುಡುಗರಿಗೆ ಹೇಳೋ ಮಾತು, ನಾನೇ ಮಾಡ್ಲಿಲ್ಲ ನೋಡ್ರಿ. ಇರ್ಲಿ. ಆದ್ರ ಕಡೇ ಪುಡಿ ಯಾವುದು ಅನ್ನೋದು ಉಳೀತಲ್ರಿ.

ಕಾಕಾ: ಉಳೀತು. ಮೊದಲು ಕಲ್ಲು ಯಾವುದು ಹೇಳು. ಆ ಡಬ್ಬಿಯೊಳಗ ಮೂರು ನಮೂನಿ ಅದಾವ.

ಟೀಚರ್: ಈ ಬಿಳಿ-ಬೂದಿ ಪಟ್ಟಿದು ಅಗೇಟ್. ಕೆಂಪಂದು ಜಾಸ್ಪರ್. ಈ ಕರೀದು ನಮ್ಮ ಫರ್ಸಿ, ಶಹಾಬಾದ್ ಕಲ್ಲು. ಮೊದಲಿನ ಎರಡೂ ಮನಿ ಕಟ್ಟೋರ ಉಸುಕಿನಾಗ ಸಿಕ್ಕವು. ಸಾಣಿಗಿ ಹಿಡಿದು ಉಸುಕು ಒಳಗ ಒಯ್ದು, ಮ್ಯಾಲ ಉಳಿದ ಹರಳು ರಸ್ತೆ ಬಾಜೂಕ ಸುರೀತಾರಲ್ರಿ, ಅದರಾಗ.

ಕಾಕಾ: ಆ ಗುಂಪಿ ಮ್ಯಾಲ ನಾವು ಸಣ್ಣಾವ್ರಿದ್ದಾಗ ಆಡೇವಿ. ನದಿಯಾಗ ಅವೆಲ್ಲಿಂದ ಬರ್ತಾವ?

ಟೀಚರ್: ಮಹಾರಾಷ್ಟ್ರದ ಕಡೆಯಿಂದ. ಕೃಷ್ಣಾನೂ ಭೀಮಾನೂ ನಮ್ಮ ಹೊಲಕ್ಕ ಬರೋದ್ರೊಳಗ ನೂರಾರು ಮೈಲಿ ಕಪ್ಪು ಬಸಾಲ್ಟ್ ಕಲ್ಲಿನ ನಾಡು ದಾಟಿ ಬರ್ತಾವ. ಆ ಬಸಾಲ್ಟ್ ಆರಿ ಗಟ್ಟಿಯಾಗುವಾಗ ಉಳಿದ ಗುಳ್ಳಿಯೊಳಗ ಸಿಲಿಕಾ ತುಂಬಿ ಅಗೇಟ್ ಆಗ್ಯದ. ಬಸಾಲ್ಟ್ ಕರಗಿ ಎರೆ ಮಣ್ಣಾತು, ಅಗೇಟ್ ಕರಗ್ಲಿಲ್ಲ, ಉರುಳಿಕೋತ ಬಂತು. ಫರ್ಸಿ ಮಾತ್ರ ಇಲ್ಲೇ ಹುಟ್ಟಿದ್ದು, ಭೀಮಾ ಕಣಿವಿ ಸುಣ್ಣದ ಕಲ್ಲು.

ಕಾಕಾ: ಹಂಗಾದ್ರ ಮೂರಕ್ಕೂ ಒಂದೇ ಪುಡಿ ಹೆಂಗ ನಡೀತದ? ಚಾಕು ತೊಗೊಂಡು ಗೀರು. ಫರ್ಸಿ ಮ್ಯಾಲ ಬಿಳಿ ಗೀರು ಬೀಳತದ. ಅಗೇಟ್ ಮ್ಯಾಲ ಚಾಕುವಿನ ಕಬ್ಬಿಣಾನೇ ಕರ್ರಗ ಹತ್ತತದ, ಕಲ್ಲಿಗೆ ಏನೂ ಆಗಂಗಿಲ್ಲ.

ಟೀಚರ್: ಮೋಸ್ ಅಳತೆಯೊಳಗ ಫರ್ಸಿ ಮೂರು, ಅಗೇಟ್ ಆರೂವರೆ ಏಳು. ನಿಂಬಿ ರಸ ಹಾಕಿದ್ರೂ ಗೊತ್ತಾಗ್ತದ. ಫರ್ಸಿಯ ಪುಡಿ ಬುಸುಗುಡತದ, ಅಗೇಟ್ ಸುಮ್ನ ಇರ್ತದ. ಆದ್ರ ಸೀರಿಯಂದು ಬರೇ ಗಟ್ಟಿತನದ ಲೆಕ್ಕ ಅಲ್ರಿ ಕಾಕಾ. ಅದು ಅಗೇಟಿಗಿಂತ ಮೆತ್ತಗ, ಆರರ ಹತ್ತಿರ. ಗಟ್ಟಿದು ಮೆತ್ತಂದನ್ನ ಗೀರತದ ಅನ್ನೋದೇ ಪೂರಾ ಖರೆ ಆಗಿದ್ರ ಅದರಿಂದ ಅಗೇಟ್ ಹೊಳೀಬಾರ್ದು.

ಕಾಕಾ: ಆದ್ರೂ ಹೊಳೀತದ.

ಟೀಚರ್: ಯಾಕಂದ್ರ ಅದು ಗೀರಂಗಿಲ್ಲ, ಹಿಡೀತದ. ನೀರು ಸೇರಿದಾಗ ಸೀರಿಯಂ ಕಾಳು ಸಿಲಿಕಾದ ಮೈಗೆ ಒಂದು ಗಳಿಗಿ ಅಂಟಿಕೊಳ್ತದ, ಸರಿದು ಹೋಗುವಾಗ ಮೇಲಿನ ತೆಳ್ಳನ ಪದರ ಕಿತ್ಕೊಂಡು ಹೋಗ್ತದ. ಕನ್ನಡಿ ಅಂಗಡಿಯವರು ಗಾಜಿನ ಗೀರಿಗೆ ಅದನ್ನೇ ಹಚ್ಚೋದು, ಗಾಜೂ ಸಿಲಿಕಾನೇ ಅಲ್ರಿ. ಅಗೇಟ್, ಜಾಸ್ಪರ್, ಸ್ಫಟಿಕ ಎಲ್ಲಾ ಆ ಕುಲದವೇ. ಫರ್ಸಿಯೊಳಗ ಸಿಲಿಕಾ ಕಡಿಮಿ, ಅಲ್ಲಿ ಸೀರಿಯಂದು ಆ ಆಟ ನಡಿಯಂಗಿಲ್ಲ.

ಕಾಕಾ: ಫರ್ಸಿಗೆ ಬ್ಯಾರೆ ಹಾದಿ. ಮನಿ ನೆಲ ಪಾಲಿಶ್ ಮಾಡೋರನ್ನ ನೋಡೀಯಲ್ಲ, ಮಷೀನಿಗೆ ಕಾರ್ಬೊರಂಡಂ ಬಟ್ಟಿ ಕಟ್ಟಿ, ಒರಟಿಂದ ನುಣುಪಿಗೆ ನಂಬರ್ ಏರಸ್ಕೋತ ಹೋಗಿ ಕಡೀಕ ಆಕ್ಸಾಲಿಕ್ ಆಸಿಡ್ ಹಾಕಿ ತಿಕ್ಕತಾರ. ಹಾರ್ಡ್‌ವೇರ್ ಅಂಗಡ್ಯಾಗ ಬಿಳಿ ಹರಳಿನಂಗ ಸಿಗತದ, ಕಿಲೋ ತೊಗೊಂಡ್ರ ಜೀವಮಾನಕ್ಕ ಸಾಕು.

ಟೀಚರ್: ಅದರ ಜೊತಿ ತವರದ ಆಕ್ಸೈಡ್, ಟಿನ್ ಆಕ್ಸೈಡ್ ಅಂತಾರ, ಅದನ್ನ ಬೆರೆಸಿದ್ರ ಸಂಗಮರಿ ಕಲ್ಲಿಗೆ ಹಚ್ಚೋ ಹಳೇ ನಮೂನಿ ಪಾಲಿಶ್ ಆಗ್ತದ. ಆದ್ರ ಆಕ್ಸಾಲಿಕ್ ವಿಷ, ಅಡಗಿ ಮನಿ ಬಟ್ಟಲದಾಗ ಕಲಸಬಾರ್ದು. ಕೈಗವಸು ಬೇಕು.

ಕಾಕಾ: ಮತ್ತ ಫರ್ಸಿ ಹರಳು ಉಂಗುರಕ್ಕ ಬ್ಯಾಡ. ಕಿವಿಗೆ ಹಾಕ್ಕೋಬಹುದು, ಕೊರಳಿಗೂ ನಡೀತದ. ಉಂಗುರದಾಗ ಕೂಡ್ಸಿದ್ರ ರೊಟ್ಟಿ ಬಡಿಯೋ ಕೈಯಾಗ ವರ್ಷ ತುಂಬೋದ್ರೊಳಗ ಮಸಕಾಗ್ತದ, ಆಮ್ಯಾಲ ನನಗೇ ಬೈತಾರ.

ಟೀಚರ್: ನಿಮ್ಮ ಹತ್ರ ಕೆಂಪು, ಹಸಿರು ಪಾಲಿಶ್ ಗಟ್ಟಿ ಅದಾವಲ್ರಿ. ಅವೇ ನಡದ್ರ ನನಗ ಪುಗಸಟ್ಟೆ.

ಕಾಕಾ: ಕೆಂಪಂದು ಕಬ್ಬಿಣದ ತುಕ್ಕಿನ ಜಾತಿ, ಬಂಗಾರಕ್ಕ ಹೇಳಿ ಮಾಡಿಸಿದ್ದು. ಅಗೇಟಿಗೆ ಹಚ್ಚಿದ್ರ ಸಂಜೀತನಕ ತಿಕ್ಕಬೇಕು, ಮತ್ತ ಕಲ್ಲಿನ ಸಣ್ಣ ಬಿರುಕಿನಾಗ ಕೂತ ಕೆಂಪು ಎಂದೂ ಬಿಡಂಗಿಲ್ಲ. ಹಸರಂದು ಕ್ರೋಮಿಯಂ. ಗಟ್ಟಿ ಅದ, ಕೆಲಸಾನೂ ಮಾಡತದ. ಆದ್ರ ನಿನ್ನ ಬಿಳಿ ಅಗೇಟಿಗೆ ಹಸರು ಕಲಿ ಹತ್ತಿದ್ರ ಯಾರು ತೊಗೋತಾರ?

ಟೀಚರ್: ಮೆಕಾನಿಕ್ ಹತ್ರ ವಾಲ್ವ್ ಪೇಸ್ಟ್ ಇರ್ತದ...

ಕಾಕಾ: ಜಿಡ್ಡು. ಒಮ್ಮಿ ಹತ್ತಿದ್ರ ಮುಂದಿನ ಎಲ್ಲಾ ಕಾಗದಕ್ಕೂ ಹತ್ತತದ.

ಟೀಚರ್: ಕಾರಿನ ರಬ್ಬಿಂಗ್ ಕಾಂಪೌಂಡ್? ಟೂತ್‌ಪೇಸ್ಟ್?

ಕಾಕಾ: ಮೊದಲಿಂದು ಮೇಣ ಬಳದು ಹೊಳಪಿನ ಸೋಗು ಹಾಕತದ, ಸಾಬಾಣ ಹಾಕಿ ತೊಳದ್ರ ಹೊಳಪೂ ಹೋಗ್ತದ. ಟೂತ್‌ಪೇಸ್ಟಿನಾಗ ಕಾಲುಂಗರ ತಿಕ್ಕು.

ಟೀಚರ್: ಅಲ್ಯೂಮಿನಾ ಬಿಟ್ರಿ. ಬಿಳಿ ಪುಡಿ, ಅಳತಿ ಒಂಬತ್ತು, ಸೀರಿಯಂಗಿಂತ ಅಗ್ಗ ಸಿಗೋದುಂಟು. ಕಲಿ ಹತ್ತಂಗಿಲ್ಲ. ಆದ್ರ ಅದರಾಗ ಒಂದು ದಪ್ಪ ಕಾಳು ಬಂದ್ರ ಮುಗೀತು, ಹರಳಿನ ನೆತ್ತಿ ಮ್ಯಾಲ ಗೀರು ಎಳೀತದ. ಸೀರಿಯಂ ಕಾಳು ಮೆತ್ತಗಿರೋದ್ರಿಂದ ಅಷ್ಟು ಭಯ ಇಲ್ಲ.

ಕಾಕಾ: ದಪ್ಪ ಕಾಳು ತಗಿಯೋಕ ನಮ್ಮ ಅಜ್ಜ ನೀರಾಗ ತಿಳಿ ಬಸೀತಿದ್ದ. ಕುರುಂದದ ಪುಡಿ ಅರಗಿನಾಗ ಕಲಸಿ ಸಾಣಿ ಚಕ್ರ ಮಾಡ್ತಿದ್ದ ಕಾಲದಾಗ. ಕಮಾನು ಕಟ್ಟಿ ತಿರುಗಿಸೋ ಸಾಣಿ ಅದು.

ಟೀಚರ್: ಅದನ್ನೇ ನಾನು ಸ್ಟೀಲ್ ಲೋಟದಾಗ ಮಾಡೀನ್ರಿ! ಕೇಳ್ರಿ. ಕಲ್ಲಿನ ಅಡಿ ಸಪಾಟ ಮಾಡೋಕ ಗಾಜಿನ ಹಲಗಿ ಮ್ಯಾಲ ಕಾರ್ಬೊರಂಡಂ ಪುಡಿ ಹಾಕಿ ತಿಕ್ಕತೀನಲ್ರಿ, ಆ ರಾಡಿ ಚೆಲ್ಲಂಗಿಲ್ಲ. ತಿಕ್ಕಿದಂಗ ಆ ಪುಡಿ ಒಡದು ಸಣ್ಣ ಆಗಿರ್ತದ. ಎಲ್ಲಾ ಗಾತ್ರದ ಕಾಳೂ ಅದರಾಗ ಇರ್ತಾವ. ಹತ್ತು ಸೆಂಟಿಮೀಟರ್ ನೀರು ನಿಲ್ಲೋ ಲೋಟ ತೊಗೊಂಡು, ಒಂದು ಚೂರು ಬಟ್ಟಿ ಸಾಬಾಣದ ಪುಡಿ ಹಾಕಿ ಜೋರಾಗಿ ಕಲಸಿ ಬಿಡತೀನಿ. ದಪ್ಪಂದು ಬ್ಯಾಗ ಮುಳುಗತದ, ಸಣ್ಣದು ತಡ. ಎಷ್ಟು ತಡ ಅಂದ್ರ, ಕಾಳಿನ ಅಡ್ಡಗಲ ಅರ್ಧ ಆದ್ರ ಮುಳುಗೋ ಹೊತ್ತು ನಾಕು ಪಟ್ಟು.

ಕಾಕಾ: ಗಡಿಯಾರ ಹಿಡಿದು ಕೂಡತೀ?

ಟೀಚರ್: ಮೊಬೈಲ್ ಅದಲ್ರಿ. ಲೋಟದ ಮ್ಯಾಲಿಂದ ತಳಕ್ಕ ಹೋಗೋಕ 20 ಮೈಕ್ರಾನ್ ಕಾಳಿಗೆ ಮೂರೂವರೆ ನಿಮಿಷ. ಹತ್ತು ಮೈಕ್ರಾನಿಗೆ 14 ನಿಮಿಷ. ಐದಕ್ಕ ತಾಸಿಗೆ ಸ್ವಲ್ಪ ಕಡಿಮಿ. ಅದಕ್ಕ ನಾಕು ನಿಮಿಷ ಬಿಟ್ಟು ಮೇಲಿನ ನೀರು ಎರಡನೇ ಲೋಟಕ್ಕ ಬಸೀತೀನಿ. ಆ ನೀರಾಗ 20ಕ್ಕಿಂತ ದಪ್ಪಂದು ಉಳದಿರಂಗಿಲ್ಲ. ಅದನ್ನ ಹದಿನೈದು ನಿಮಿಷ ಬಿಟ್ಟು ಮೂರನೇ ಲೋಟಕ್ಕ. ಎರಡನೇದರ ತಳದಾಗ ಕೂತಿದ್ದು 1000 ನಂಬರಿನ ಜಾಗಕ್ಕ ಬರ್ತದ. ಮೂರನೇದನ್ನ ತಾಸು ಬಿಟ್ರ ತಳದಾಗ ಸಿಗೋದು 2000ಕ್ಕಿಂತ ನುಣುಪು. ಪೈಸಾ ಖರ್ಚಿಲ್ಲ.

ಕಾಕಾ: ತಳದಾಗ ಸಣ್ಣದೂ ಕೂತಿರ್ತದಲ್ಲ. ಮೊದಲೇ ತಳದ ಹತ್ರ ಇದ್ದ ಸಣ್ಣ ಕಾಳು?

ಟೀಚರ್: ಇರ್ತದ. ಮತ್ತ ನೀರು ಹಾಕಿ ಎರಡು-ಮೂರು ಸಲ ತೊಳೀಬೇಕು. ಆದ್ರ ಸಣ್ಣದು ಉಳಿದ್ರ ನಷ್ಟ ಇಲ್ಲ, ದಪ್ಪಂದು ಉಳಿದ್ರ ನಷ್ಟ. ಅಗೇಟಿನ ಧೂಳೂ ಅದರಾಗ ಬೆರತಿರ್ತದ, ಅದೂ ಕೆಡಕೇನಿಲ್ಲ.

ಕಾಕಾ: ಅಗೇಟಿಂದ ಅಗೇಟ್ ಹೊಳಸೋದು ಹೊಸ ಮಾತಲ್ಲ. ಗುಜರಾತಿನ ಖಂಬಾತದಾಗ ಮಣಿ ಮಾಡೋರು ತೊಗಲಿನ ಚೀಲದಾಗ ಮಣಿ, ಅಗೇಟಿನ ಪುಡಿ, ಕುರುಂದದ ಪುಡಿ, ನೀರು ತುಂಬಿ ಬಾಯಿ ಕಟ್ಟಿ, ಆ ಕಡೆ ಒಬ್ಬ ಈ ಕಡೆ ಒಬ್ಬ ಕೂತು ದಿನಗಟ್ಟಲೆ ಉರುಳಸ್ತಿದ್ರಂತ.

ಟೀಚರ್: ಅಲ್ಲೇ ಮಂದಿ ಧೂಳು ಕುಡದು ಸತ್ರು ಅಂತನೂ ಓದೀನ್ರಿ.

ಕಾಕಾ: ನೀ ನೀರು ಹಾಕೇ ತಿಕ್ಕತೀಯಲ್ಲ, ಬಿಡು.

(ಇಬ್ಬರೂ ಇಷ್ಟಕ್ಕೇ ದಾಟಿದರು, ಬರೆಯುವವನಿಗೆ ದಾಟಲು ಮನಸ್ಸಿಲ್ಲ. ಖಂಬಾತದ ಅಗೇಟ್ ಕೆಲಸಗಾರರ ಸಿಲಿಕೋಸಿಸ್ ವೈದ್ಯರ ದಾಖಲೆಗಳಲ್ಲಿ ದಶಕಗಳಿಂದ ಇದೆ. ಒಣಗಿಸಿ ಅರೆದಾಗ ಏಳುವ ಸಿಲಿಕಾ ಧೂಳಿನಲ್ಲಿ ಕೇಡು ಮಾಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ಭಾಗ. ಶ್ವಾಸಕೋಶಕ್ಕೆ ಅದು ಮಾಡಿದ ಗಾಯಕ್ಕೆ ಮದ್ದಿಲ್ಲ. ಟೀಚರರ ಲೋಟದ ತಳದಲ್ಲಿ ಕೂರುವ ರಾಡಿಯೂ ಒಣಗಿದರೆ ಅದೇ ಧೂಳು. ಒದ್ದೆ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಬೇಕು. ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕೇ ಹೊರತು ಕಸಬರಿಗೆ ಮುಟ್ಟಿಸಬಾರದು, ಬಾಯಿಂದ ಊದಬಾರದು. ಕಡಿಮೆ ಖರ್ಚಿನ ಮಾತಾಡುವವರು ಮೊದಲು ಉಳಿಸಬೇಕಾದ ಖರ್ಚು ಇದು.)

ಕಾಕಾ: ಈಗ ಡೈಮಂಡ್ ಮಾತು ಕೇಳು. ನೀ ಸೀರಿಯಂ ಹೊಗಳತಿ, ಖರೆ. ಆದ್ರ ಈ ಕೆಂಪು ಜಾಸ್ಪರ್ ನೋಡು. ನಡುವ ನಡುವ ಮೆತ್ತನ ಚುಕ್ಕಿ ಅದಾವ. ತೊಗಲಿನ ಮ್ಯಾಲ ಸೀರಿಯಂ ಹಚ್ಚಿ ತಿಕ್ಕಿದ್ರ ಮೆತ್ತಂದು ಬ್ಯಾಗ ಸವೀತದ, ಗಟ್ಟಿದು ಉಳೀತದ. ಬೆರಳು ಆಡಿಸಿದ್ರ ತಗ್ಗು ಹತ್ತತಾವ.

ಟೀಚರ್: ಹೌದ್ರಿ, ಕಿತ್ತಳಿ ಸಿಪ್ಪಿ ಮೈ ಆಗ್ಯದ.

ಕಾಕಾ: ಅಂಥಾ ಕಲ್ಲಿಗೆ ಡೈಮಂಡ್ ಪೇಸ್ಟೇ. ತೊಗಲಿನ ಮ್ಯಾಲಲ್ಲ, ಗಟ್ಟಿ ಕಟ್ಟಿಗಿ ಮ್ಯಾಲ. ಡೈಮಂಡಿಗೆ ಗಟ್ಟಿ-ಮೆತ್ತಗ ಅನ್ನೋ ಭೇದ ಇಲ್ಲ, ಎಲ್ಲಾನೂ ಸಮ ಕಡೀತದ. ಸಿರಿಂಜಿನಾಗ ಐದು ಗ್ರಾಂ ಬರ್ತದ, ನೋಡಿದ ಕೂಡ್ಲೆ ತುಟ್ಟಿ ಅನಸ್ತದ. ಆದ್ರ ಒಂದು ಹರಳಿಗೆ ಜೋಳದ ಕಾಳಿನ ಕಾಲು ಭಾಗ ಸಾಕು. ಹರಳಿನ ಲೆಕ್ಕ ಹಿಡಿದ್ರ ನಿನ್ನ ವಾಟರ್ ಪೇಪರಿಗಿಂತ ಅಗ್ಗ ಬೀಳತದ.

ಟೀಚರ್: ಎಷ್ಟು ನಂಬರ್ ತರಿಸಬೇಕ್ರಿ? ಆರೇಳು ಬಣ್ಣದ ಸಿರಿಂಜ್ ಸೆಟ್ ಮಾರ್ತಾರ.

ಕಾಕಾ: ಸೆಟ್ ಬ್ಯಾಡ. ಆರು ಮೈಕ್ರಾನಿಂದು ಒಂದು, ಒಂದು ಮೈಕ್ರಾನಿಂದು ಒಂದು. 3000 ಕಾಗದದ ಗೀರು ಆರರದ್ದು ಅಳಸ್ತದ, ಆರರದ್ದು ಒಂದರದ್ದು ಅಳಸ್ತದ. ಪ್ರತಿಯೊಂದಕ್ಕ ಬ್ಯಾರೆ ಕಟ್ಟಿಗಿ, ಕಟ್ಟಿಗಿ ಮ್ಯಾಲ ನಂಬರ್ ಕೆತ್ತು. ಎರಡೂ ಬ್ಯಾರೆ ಬ್ಯಾರೆ ಡಬ್ಬಿಯಾಗ. ಆರರ ಒಂದು ಕಾಳು ಒಂದರ ಕಟ್ಟಿಗಿಗೆ ಬಿತ್ತೋ, ಆ ಕಟ್ಟಿಗಿ ಒಲಿಗೆ. ನಡುವ ನಡುವ ಕೈ ತೊಳಿ, ಉಗುರಿನ ಸಂದಿಯೊಳಗ ಬ್ರಶ್ ಹಾಕಿ ತೊಳಿ.

ಟೀಚರ್: ಅಗೇಟಿಗೆ ಮಾತ್ರ ಸೀರಿಯಂ ಬಿಡಂಗಿಲ್ರಿ ನಾನು.

ಕಾಕಾ: ಬಿಡಬ್ಯಾಡ, ಅದೇ ಛಲೋ. ಆದ್ರ ನೀ ಅದನ್ನ ಭಾಳ ನೀರು ಮಾಡಿ ಹಚ್ಚತಿ. ಗಟ್ಟಿ ಮಜ್ಜಿಗಿ ಹದಕ್ಕ ಕಲಸಿ ತೊಗಲಿಗೆ ಬಳಿ. ತಿಕ್ಕತ ತಿಕ್ಕತ ತೊಗಲು ಆರತದಲ್ಲ, ಆರೋಕಿಂತ ತುಸು ಮೊದಲು ಹರಳನ್ನ ಹಿಡಿದು ಎಳದಂಗಾಗ್ತದ. ಹೊಳಪು ಹುಟ್ಟೋದು ಆ ಎಳತದಾಗ. ಎಳಿಯೋಕ ಹತ್ತಿದ ಮ್ಯಾಲ ಇನ್ನಾ ಹತ್ತಿಪ್ಪತ್ತು ಸಲ ಆಡಿಸಿ ಒಂದು ಹನಿ ನೀರು ಹಾಕು. ಪೂರಾ ಒಣಗಿಸಿ ತಿಕ್ಕಬ್ಯಾಡ, ಬಿಸಿಗೆ, ಹರಳನ್ನ ಹಿಡಿಕಿ ಕಡ್ಡಿಗೆ ಅಂಟಿಸಿದ ಅರಗು ಮೆತ್ತಗಾಗಿ ಹರಳು ಕಳಚತದ.

ಟೀಚರ್: ತೊಗಲು ಚಪ್ಪಲಿ ಹೊಲಿಯೋರ ಹತ್ರ ಉಳಿದ ತುಂಡು ಇಸ್ಕೊಂಡೀನಿ. ಒರಟು ಮಗ್ಗಲು ಮ್ಯಾಲ ಮಾಡಿ ಹಲಗಿಗೆ ಅಂಟಿಸೀನಿ. ಕಡ್ಡಿಯಿಂದ ಹರಳು ಬಿಡಿಸೋಕ ಫ್ರಿಜ್ಜಿನ ಫ್ರೀಜರಿನಾಗ ಹತ್ತು ನಿಮಿಷ ಇಡ್ತೀನ್ರಿ, ಅರಗು ತಾನೇ ಟಣ್ ಅಂತ ಬಿಡತದ.

ಕಾಕಾ: ಇದು ನನಗೆ ಗೊತ್ತಿರಲಿಲ್ಲ. ನಾವು ದೀಪಕ್ಕ ಹಿಡೀತೀವಿ, ಒಂದೊಂದು ಕಲ್ಲು ಬಿಸಿಗೆ ಸೀಳತದ. ಈ ಸೀರಿಯಂ ಎಲ್ಲಿಂದ ಬರ್ತದ? ಚೀನಾದಿಂದೇನು?

ಟೀಚರ್: ಹೆಚ್ಚಿಂದು ಅಲ್ಲಿಂದೇ. 2010-11ರಾಗ ಚೀನಾ ರಫ್ತು ಬಿಗಿ ಮಾಡಿದಾಗ ರೇಟು ಆಕಾಶಕ್ಕ ಹೋಗಿತ್ತು. ವಿರಳ ಭಸ್ಮ ಅಂತ ಹೆಸರು, ಆದ್ರ ನೆಲದಾಗ ಹೆಚ್ಚುಕಡಿಮಿ ತಾಮ್ರದಷ್ಟೇ ಅದ. ನಮ್ಮ ಕೇರಳದ ದಂಡಿ ಉಸುಕಿನಾಗ ಮೋನಜೈಟ್ ಅಂತ ಇರ್ತದಲ್ರಿ, ಅದರಾಗೂ ಅದ. ಇಂಡಿಯನ್ ರೇರ್ ಅರ್ಥ್ಸ್ 1950ರಾಗ ಶುರುವಾಗಿದ್ದು ಆ ಉಸುಕಿಗೇ. ನೀವು ಜಾತ್ರಿಯೊಳಗ ನೋಡಿದ ಪೆಟ್ರೊಮ್ಯಾಕ್ಸ್ ದೀಪದ ಜಾಳಿಗಿ ಅದಲ್ರಿ, ಅದರಾಗ ನೂರಕ್ಕ ಒಂದು ಪಾಲು ಸೀರಿಯಂ ಇರ್ತಿತ್ತು.

ಕಾಕಾ: ತಿಂಥಣಿ ಮೌನೇಶ್ವರ ಜಾತ್ರಿಯಾಗ ಆ ದೀಪ ತಲಿ ಮ್ಯಾಲ ಹೊತ್ತು ನಡದವ ನಾನು. ಕೃಷ್ಣಾ ದಂಡಿ ಮ್ಯಾಲ ರಾತ್ರಿಪೂರ. ಕನ್ನಡಿ ಅಂಗಡಿ ಸೀರಿಯಂ ಗುಲಾಬಿ ಬಣ್ಣದ್ದು ಅದ, ನಿಂದೂ ಹಂಗೇ. ಬಿಳಿದು ಶುದ್ಧ ಅಂತಾರಲ್ಲ?

ಟೀಚರ್: ಬಿಳಿದು ಶುದ್ಧ ಖರೆ, ಆದ್ರ ಹರಳಿಗೆ ಆ ಶುದ್ಧ ಬೇಕಿಲ್ಲ. ಗುಲಾಬಿ ಬಣ್ಣ ಬರೋದು ಅದರ ಅಣ್ತಮ್ಮಂದಿರಾದ ಬ್ಯಾರೆ ವಿರಳ ಭಸ್ಮಗಳು ಬೆರತಿರೋದ್ರಿಂದ. ಅವೂ ಪಾಲಿಶ್‌ಗೆ ಅಡ್ಡಿ ಮಾಡಂಗಿಲ್ಲ. ಅಡ್ಡಿ ಮಾಡೋದು ಕಲಬೆರಕಿ ಸುಣ್ಣದ ಪುಡಿ. ಪರೀಕ್ಷಾ ಸುಲಭ ಅದ: ಹಳೇ ಗಾಜಿನ ತುಂಡಿಗೆ 2000ದ ಕಾಗದ ಎಳದು ಮಸಕು ಮಾಡಿ, ಆ ಪುಡಿ ಹಚ್ಚಿ ತಿಕ್ಕಬೇಕು. ಮಸಕು ಹೋಗಿ ಮತ್ತ ತಿಳಿ ಆದ್ರ ತೊಗೋಬೇಕು. ಹೊಸ ಗೀರು ಬಿದ್ರ ಅಂಗಡಿಗೇ ವಾಪಸ್.

ಕಾಕಾ: ನಮ್ಮ ಪಂಚಾಳರ ಐದು ಕಸಬಿನಾಗ ಕಲ್ಲಿನ ಕಸಬೂ ಒಂದು. ಆದ್ರ ಹರಳು ತಿಕ್ಕೋದು ಈ ಭಾಗದಾಗ ನನಗೆ ತಿಳಿದಂಗ ಯಾರೂ ಮಾಡಂಗಿಲ್ಲ. ಹರಳೆಲ್ಲಾ ಜೈಪುರದಿಂದ ಬರೋದು.

ಟೀಚರ್: ಈಗ ಇಲ್ಲ. ಹಿಂದ ಇತ್ತು. 1842ರಾಗ ಲಿಂಗಸುಗೂರಿನಾಗ ಪ್ರಿಮ್ರೋಸ್ ಅನ್ನೋ ಡಾಕ್ಟರಿಗೆ ನುಣುಪಾಗಿ ತಿಕ್ಕಿದ ಕಲ್ಲಿನ ಕೊಡಲಿ ಸಿಕ್ಕವು. ಹೊಳಿ ಆಚೆ ದಂಡಿ, ನಮಗೆ ಬಸ್ಸಿನ ಹಾದಿ. ಬಳ್ಳಾರಿ ಸಂಗನಕಲ್ಲು ಗುಡ್ಡದಾಗ ಗ್ರಾನೈಟ್ ಬಂಡಿ ಮ್ಯಾಲ ಆ ಕೊಡಲಿ ತಿಕ್ಕಿದ ತಗ್ಗು ಇವತ್ತಿಗೂ ಅದಾವ. ಅವರ ಪಾಲಿಶ್ ಕಾಂಪೌಂಡ್ ಏನಂದ್ರ ಉಸುಕು, ನೀರು, ಗ್ರಾನೈಟ್. ಇನ್ನಾ ಹಿಂದಿಂದು ಬೇಕಂದ್ರ ಹುಣಸಗಿ ಹತ್ರ ಇಸಾಂಪುರ. ಪುಣೆ ಡೆಕ್ಕನ್ ಕಾಲೇಜಿನ ಪದ್ದಯ್ಯ ಅವರು ಅಗದ ಜಾಗ, ಸುಮಾರು ಹನ್ನೆರಡು ಲಕ್ಷ ವರ್ಷದ್ದು. ಅಲ್ಲಿ ಕಲ್ಲು ಒಡದು ಹತ್ಯಾರ ಮಾಡ್ಯಾರ, ತಿಕ್ಕಿಲ್ಲ.

ಕಾಕಾ: ಆ ಕಡೆ ಹೊಲದಾಗೂ ಚಕಮಕಿ ಕಲ್ಲು ಸಿಗತಾವ. ಅವನ್ನ ತಂದು ಹರಳು ಮಾಡಿದ್ರ?

ಟೀಚರ್: ಮುಟ್ಟಬಾರ್ದ್ರಿ. ಅಲ್ಲಿ ಚೂಪಾದ ಚಕ್ಕಿ ಕಂಡ್ರ ಅದು ಯಾರೋ ಮಾಡಿದ ಹತ್ಯಾರ. ತಿಕ್ಕಿದ್ರ ಹನ್ನೆರಡು ಲಕ್ಷ ವರ್ಷದ ಗುರುತು ಅರ್ಧ ತಾಸಿನಾಗ ಅಳಿಸಿದಂಗ. ನನಗೆ ಉಸುಕಿನ ಗುಂಪಿ ಸಾಕು.

ಕಾಕಾ: ಇರ್ಲಿ. ರೊಕ್ಕದ ಮಾತಿಗೆ ಬರೋಣ. ಕಾಗದ, ಪುಡಿ, ಪೇಸ್ಟ್ ಎಲ್ಲಾ ಸೇರಿ ಹರಳಿಗೆ ಹತ್ತಿಪ್ಪತ್ತು ರೂಪಾಯಿ ಬೀಳತದ ಅಂತ ಇಟ್ಕೋ. ಎಷ್ಟು ಹೊತ್ತು ತಿಕ್ಕತಿ?

ಟೀಚರ್: ಎರಡು ಸಂಜಿ. ಜಾಸ್ಪರ್ ಆದ್ರ ಮೂರು.

ಕಾಕಾ: ಜೈಪುರದಾಗ ಮಷೀನಿಂದ ತಿಕ್ಕಿದ ಅಗೇಟ್ ಹರಳು ನನಗೆ ಚಿಲ್ಲರ ರೊಕ್ಕಕ್ಕ ಸಿಗತದ. ನಿನ್ನ ಎರಡು ಸಂಜಿಗೆ ಯಾರು ಕೂಲಿ ಕೊಡ್ತಾರ?

ಟೀಚರ್: ಯಾರೂ ಕೊಡಂಗಿಲ್ಲ, ಗೊತ್ತದ್ರಿ. ಅದಕ್ಕೇ ಪುಡಿಗೆ ಹೆಚ್ಚು ಹಾಕೋಕ ಮನಸ್ಸಿಲ್ಲ. ಹುಡುಗರು ಕಲೀಲಿ ಅಂತ ಮಾಡೋದು. ಹತ್ತನೇ ತರಗತಿ ಹುಡುಗಿಯೊಬ್ಬಳು ತನ್ನ ಹರಳು ಉಂಗುರಕ್ಕ ಕೂಡಿಸಿ ಕೊಡ್ರಿ ಅಂದಾಳ. ಇದು ಅಕಿದೇ. ಮಜೂರಿ ಎಷ್ಟ್ರಿ?

ಕಾಕಾ: ಬೆಳ್ಳಿ ತೂಕದ್ದು ಕೊಡು, ಮಜೂರಿ ಆಮ್ಯಾಲ ನೋಡೋಣ. ಆದ್ರ ಹಿಂಗೇ ಕೂಡ್ಸಂಗಿಲ್ಲ. ಇಲ್ಲಿ ನೋಡು, ಗಾಜಿನ ಮ್ಯಾಲ ಇಟ್ರ ಅಲುಗಾಡತದ, ಅಡಿ ಸಪಾಟ ಇಲ್ಲ. ಬೆಳ್ಳಿ ಪಟ್ಟಿ ಒತ್ತಿದಾಗ ಅಂಚು ಚಕ್ಕಿ ಏಳತದ. ಅಡಿ 400ಕ್ಕ ಸರಿ ಮಾಡಿದ್ರ ಸಾಕು, ಅಲ್ಲಿ ಹೊಳಪು ಬ್ಯಾಡ. ಅಂಚಿನ ಚೂಪು ಒಂದು ಸುತ್ತು ಮುರಿ. ಆಮ್ಯಾಲ ಮ್ಯಾಲಿನ ಮೈ 600ರಿಂದ ಮತ್ತ ಶುರು ಮಾಡು, ಈ ಸಲ ಅಂಚು ಹಿಡಿದು. ಅಕಿನ್ನೇ ಕರಕೊಂಡು ಬಾ, ಅಕಿ ಕೈಯಿಂದಲೇ ತಿಕ್ಕಿಸು.